ಡಚ್ ಭಾಷೆಯ ಉದ್ದ ಪದಗಳನ್ನು ಎಲ್ಲಿ ಒಡೆಯಬೇಕು, ಒತ್ತು ಎಲ್ಲಿ ಹಾಕಬೇಕು?

ಓದುಗರ ಪ್ರಶ್ನೆ: ಎರಡು ವರ್ಷದಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಇದ್ದೇನೆ. ಸಂಜೆ ಹೊತ್ತು ಡಚ್ ಕ್ಲಾಸಿಗೆ ಹೋಗುತ್ತೇನೆ. ಜೋಡುಪದದಲ್ಲಿ ಒತ್ತು ಮೊದಲಿಗೇ ಬೀಳುತ್ತದೆ ಎಂದು ಕಲಿತಿದ್ದೆ. ಆದರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಂಗೀತ ಭವನ 'ಕೊನ್ಸೆರ್ಟ್‌ಖೆಬೌ' ಎಲ್ಲಿದೆ ಎಂದು ಕೇಳುವಾಗ 'ಕೊನ್' ಮೇಲೆ ಒತ್ತು ಹಾಕಿದೆ. ಎದುರಿನವರಿಗೆ ಅರ್ಥವೇ ಆಗಲಿಲ್ಲ. ಹಲ್ಲಿನ ಡಾಕ್ಟರನ್ನು 'ಟಂಡಾರ್ಟ್ಸ್' ಅಂದೆ, ಅದನ್ನೂ ತಿದ್ದಿದರು. ಹೊರಗಿನಿಂದ ಬಂದ ಪದ ಸೇರಿಕೊಂಡಾಗ ಒತ್ತು ಎಲ್ಲಿ ಬೀಳುತ್ತದೆ? ಪದವನ್ನು ಎಲ್ಲಿ ಒಡೆಯಬೇಕು? ಮೊನ್ನೆ ಪಾರ್ಕಿಂಗ್ ಪರವಾನಗಿಯ ಕಾಗದ ಬಂತು. ಅದರ ಮೇಲಿದ್ದ ಪದ ಇನ್ನೂ ನನ್ನ ಬಾಯಿಗೆ ಬರುತ್ತಿಲ್ಲ.

ಉತ್ತರ: ನಿಮ್ಮ ಕ್ಲಾಸಿನಲ್ಲಿ ಹೇಳಿದ್ದು ತಪ್ಪಲ್ಲ. ಆದರೆ ಅರ್ಧ ಮಾತ್ರ. ಡಚ್ ಜೋಡುಪದದಲ್ಲಿ ಒತ್ತು ಬೀಳುವುದು ಮೊದಲ ಪದದ ಮೇಲೆ. ಮೊದಲ ಸಿಲಬಲ್ (ಉಚ್ಚಾರದ ತುಣುಕು) ಮೇಲೇ ಬೀಳಬೇಕು ಎಂದೇನಿಲ್ಲ. ಈ ಎರಡು ಮಾತಿನ ನಡುವಿನ ವ್ಯತ್ಯಾಸದಲ್ಲೇ ನಿಮ್ಮ ಗೊಂದಲ ಪೂರ್ತಿ ಕೂತಿದೆ.

ಮೊದಲು ಎರಡು ಸಣ್ಣ ವಿಷಯ ಹೇಳಿಬಿಡುತ್ತೇನೆ. ಇಲ್ಲಿ 'ಒತ್ತು' ಅಂದರೆ ನಮ್ಮ ಒತ್ತಕ್ಷರ ಅಲ್ಲ. ಪದದ ಒಂದು ತುಣುಕನ್ನು ಜೋರಾಗಿ, ಸ್ವಲ್ಪ ಎಳೆದು ಹೇಳುವುದು. ಡಚ್ಚರು ಇದನ್ನು 'ಕ್ಲೆಮ್‌ಟೋನ್' ಅನ್ನುತ್ತಾರೆ. ಸಿಲಬಲ್‌ಗೆ ಅವರ ಮಾತು 'ಲೆಟರ್‌ಖ್ರೇಪ್', ಅಂದರೆ ಅಕ್ಷರಗಳ ಒಂದು ಹಿಡಿ. ಚೆಂದದ ಪದ ಅಲ್ವಾ? ನಾನು ಇಲ್ಲಿ ಸುಮ್ನೆ 'ತುಣುಕು' ಅನ್ನುತ್ತೇನೆ. ಇನ್ನೊಂದು, ತುಣುಕುಗಳ ನಡುವೆ ಅಡ್ಡಗೆರೆ ಹಾಕಿದ್ದೇನೆ. ಒತ್ತು ಬೀಳುವ ತುಣುಕಿನ ಎಡಗಡೆಗೆ ' ಗುರುತು ಇದೆ. ಡಚ್ ಉಲಿಗಳೆಲ್ಲ ಕನ್ನಡ ಲಿಪಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಹತ್ತಿರದ ಅಕ್ಷರ ಬಳಸಿದ್ದೇನೆ.

ಈಗ ನೀವು ದಾರಿ ಕೇಳಿದ ಜಾಗಕ್ಕೇ ಹೋಗೋಣ. ಆಮ್‌ಸ್ಟರ್‌ಡ್ಯಾಮ್‌ನ ಆ ಒಂದೇ ಬಯಲಿನಲ್ಲಿ ಈ ಪಾಠ ಪೂರ್ತಿ ಸಿಗುತ್ತದೆ. ಒಂದು ತುದಿಯಲ್ಲಿ 1885ರಲ್ಲಿ ತೆರೆದ ಮ್ಯೂಸಿಯಂ ಕಟ್ಟಡ. ಇನ್ನೊಂದು ತುದಿಯ ಎದುರಿಗೆ 1888ರಲ್ಲಿ ತೆರೆದ ಸಂಗೀತ ಭವನ. ನಡುವೆ ಬಯಲು. ಮೂರರ ಹೆಸರೂ ಜೋಡುಪದ. ಮೂರರಲ್ಲೂ ಒಂದು ಪದವಾದರೂ ಹೊರಗಿನದು.

ಮ್ಯೂಸಿಯಂ ಎಂಬ ಪದ ಲ್ಯಾಟಿನ್‌ನಿಂದ ಬಂದದ್ದು. ಒಂಟಿಯಾಗಿ ಹೇಳುವಾಗ ಡಚ್ಚರು ಮ್ಯು-'ಜ಼ೇ-ಯುಮ್ ಅನ್ನುತ್ತಾರೆ. ಒತ್ತು ನಡುವೆ. ಈಗ ಅದನ್ನು ಎರಡನೇ ಜಾಗದಲ್ಲಿ ಇಡಿ. ಆ ಕಟ್ಟಡದ ಹೆಸರು 'ರೈಕ್ಸ್-ಮ್ಯು-ಜ಼ೇ-ಯುಮ್. ದೊಡ್ಡ ಒತ್ತು 'ರೈಕ್ಸ್' ಮೇಲೆ. 'ಜ಼ೇ' ಮೇಲೆ ಇದ್ದದ್ದು ಹೋಗುವುದಿಲ್ಲ, ಸಣ್ಣದಾಗುತ್ತದೆ ಅಷ್ಟೇ. ಅದೇ ಪದವನ್ನು ಮೊದಲ ಜಾಗಕ್ಕೆ ತನ್ನಿ. ಬಯಲಿನ ಹೆಸರು ಮ್ಯು-'ಜ಼ೇ-ಯುಮ್-ಪ್ಲೈನ್. ಈಗ ದೊಡ್ಡ ಒತ್ತು 'ಜ಼ೇ' ಮೇಲೆ, ಅಂದರೆ ಇಡೀ ಪದದ ಎರಡನೇ ತುಣುಕಿನ ಮೇಲೆ.

ನಿಮ್ಮ ಸಂಗೀತ ಭವನದ ಕಥೆಯೂ ಇದೇ. 'ಕೊನ್ಸೆರ್ಟ್' ಫ್ರೆಂಚ್‌ನಿಂದ ಬಂದ ಪದ. ಒಂಟಿಯಾಗಿ ಅದು ಕೊನ್-'ಸೆರ್ಟ್. ಒತ್ತು ಕೊನೆಯಲ್ಲಿ. ಅದಕ್ಕೆ ಕಟ್ಟಡ ಎಂಬ ಅರ್ಥದ 'ಖೆಬೌ' ಸೇರಿದರೆ ಕೊನ್-'ಸೆರ್ಟ್-ಖೆ-ಬೌ. ಮೊದಲ ಪದ ತನ್ನ ಒತ್ತನ್ನು ಎಲ್ಲಿ ಇಟ್ಟುಕೊಂಡಿತ್ತೋ ಅಲ್ಲೇ ಇಟ್ಟುಕೊಳ್ಳುತ್ತದೆ. ಜೋಡಿ ಸಿಕ್ಕಿತು ಅಂತ ಅದನ್ನು ಮುಂದಕ್ಕೆ ಎಳೆದು ತರುವುದಿಲ್ಲ.

ಕ್ಲಾಸುಗಳಲ್ಲಿ ಕೊಡುವ ಉದಾಹರಣೆಗಳು ಬಹಳ ಸಲ ಡಚ್ಚರ ಹಳೆಯ ಮನೆಮಾತುಗಳು. ಅವು ಒಂದೇ ತುಣುಕಿನವು, ಇಲ್ಲವೇ ಮೊದಲ ತುಣುಕಿಗೇ ಒತ್ತು ಇರುವಂಥವು. ಮನೆಬಾಗಿಲು ಇಂಥವು. ಅಲ್ಲಿ 'ಮೊದಲ ಪದ' ಅಂದರೂ 'ಮೊದಲ ತುಣುಕು' ಅಂದರೂ ಒಂದೇ ಆಗುತ್ತದೆ. ಎರವಲು ಪದ ಬಂದರೆ ಎರಡೂ ಬೇರೆಯಾಗಬಹುದು. ಪೊಲೀಸ್ ಠಾಣೆಯ ಪದ ನೋಡಿ. ಅದರಲ್ಲಿ ಎರಡೂ ಹೊರಗಿನವೇ. ಪೊ-'ಲೀ-ಟ್ಸಿ ಅಂದರೆ ಪೊಲೀಸ್. ಬ್ಯು-'ರೋ ಅಂದರೆ ಕಚೇರಿ, ಮೇಜು ಅಂತಲೂ ಆಗುತ್ತದೆ. ಸೇರಿಸಿದರೆ ಪೊ-'ಲೀ-ಟ್ಸಿ-ಬ್ಯು-ರೋ. ಅದೇ 'ಬ್ಯುರೋ' ಮುಂದೆ ಬಂದು ಕುರ್ಚಿ ಸೇರಿದರೆ ಬ್ಯು-'ರೋ-ಸ್ಟೂಲ್. ಯಾವುದು ಎಡಗಡೆ ಇದೆಯೋ ಅದರ ಒತ್ತೇ ದೊಡ್ಡದು.

ಹಾಗಾದರೆ ಒಂಟಿ ಎರವಲು ಪದದಲ್ಲಿ ಒತ್ತು ಎಲ್ಲಿರುತ್ತದೆ ಎಂದು ತಿಳಿಯುವುದು ಹೇಗೆ? ಇಲ್ಲಿ ನಮಗೆ ಗೊತ್ತಿರುವ ಗುರು-ಲಘು ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದು ನೆನಪಿದೆ ಅಲ್ವಾ? ಡಚ್ಚರ ಕಿವಿಯೂ ಭಾರ ನೋಡುತ್ತದೆ, ಆದರೆ ಪದದ ಬಾಲದಿಂದ. ಕೊನೆಯ ತುಣುಕಿನಲ್ಲಿ ಉದ್ದ ಸ್ವರ ಇದ್ದು ಅದಾದ ಮೇಲೆ ವ್ಯಂಜನ ಬಂದರೆ ಅದು ತುಂಬ ಭಾರ. ಚಿಕ್ಕ ಸ್ವರ ಆದ ಮೇಲೆ ಎರಡು ವ್ಯಂಜನ ಬಂದರೂ ಅಷ್ಟೇ ಭಾರ. ಒತ್ತು ಸಾಮಾನ್ಯವಾಗಿ ಅಲ್ಲೇ ಬೀಳುತ್ತದೆ. ಟೊಮೇಟೊ ಅವರಿಗೆ ಟೊ-'ಮಾಟ್. ಬಾಳೆಹಣ್ಣು ಬಾ-'ನಾನ್. ಆಫೀಸು ಕನ್-'ಟೋರ್. ಸಂಗೀತ ಮ್ಯು-'ಜ಼ೀಕ್. ವಿದ್ಯಾರ್ಥಿ ಸ್ಟ್ಯು-'ಡೆಂಟ್. ಮೇಲಿನ 'ಕೊನ್ಸೆರ್ಟ್' ಕೂಡ ಇದೇ ಗುಂಪು.

ಪದ ಸ್ವರದಲ್ಲಿ ಮುಗಿದರೆ ಒತ್ತು ಹೆಚ್ಚಾಗಿ ಕೊನೆಯಿಂದ ಎರಡನೇ ತುಣುಕಿಗೆ. ನಮ್ಮ ಕಡೆಯಿಂದ ಇಂಗ್ಲಿಷ್ ಮೂಲಕ ಅಲ್ಲಿಗೆ ಹೋದ ಪೈಜಾಮ ಈಗ ಪಿ-'ಯಾ-ಮಾ. ಅದರ ಪ್ಯಾಂಟು ಪಿ-'ಯಾ-ಮಾ-ಬ್ರೂಕ್. ಕೊನೆಯಿಂದ ಎರಡನೇ ತುಣುಕು ವ್ಯಂಜನದಲ್ಲಿ ಮುಚ್ಚಿಕೊಂಡಿದ್ದರೆ ಒತ್ತು ಅದನ್ನು ದಾಟಿ ಹಿಂದಕ್ಕೆ ಹೋಗುವುದು ಅಪರೂಪ. ವೆ-'ರನ್-ಡಾ, ಆ-'ಖೆನ್-ಡಾ ಇಂಥವು. ಆ ತುಣುಕು ತೆರೆದಿದ್ದರೆ ಒಮ್ಮೊಮ್ಮೆ ದಾಟುತ್ತದೆ. 'ಕಾ-ನಾ-ಡಾ, 'ಪಾ-ನಾ-ಮಾ ಹಾಗೆ. ಇದು ನೂರಕ್ಕೆ ನೂರು ನಡೆಯುವ ನಿಯಮ ಅಲ್ಲ. ಆನೆಗೆ 'ಓ-ಲಿ-ಫಂಟ್ ಅನ್ನುತ್ತಾರೆ. ಕೊನೆ ತುಣುಕು ಅಷ್ಟು ಭಾರ ಇದ್ದರೂ ಒತ್ತು ಮೊದಲಿಗೆ. ಹೆಲಿಕಾಪ್ಟರೂ 'ಹೇ-ಲಿ-ಕೊಪ್-ಟರ್. ಇಂಥವನ್ನು ಒಂದೊಂದಾಗಿ ಕಲಿಯಬೇಕು. ವಾನ್ ದಾಲೆ ನಿಘಂಟಿನಲ್ಲಿ ಒತ್ತಿನ ಗುರುತು ಇರುತ್ತದೆ. ಹೊಸ ಪದ ಬರೆದುಕೊಳ್ಳುವಾಗಲೇ ಗುರುತು ಹಾಕಿಕೊಳ್ಳಿ.

ಒಂದು ಗುಂಪು ಮಾತ್ರ ಕಣ್ಣು ಮುಚ್ಚಿ ನಂಬಬಹುದು. ಎಷ್ಟೋ ಎರವಲು ಕ್ರಿಯಾಪದಗಳು ಫ್ರೆಂಚ್ ದಾರಿಯಲ್ಲಿ ಬಂದ '-ಏರನ್' ಎಂಬ ಬಾಲದಿಂದ ಮುಗಿಯುತ್ತವೆ. ಸ್ಟ್ಯು-'ಡೇ-ರನ್ ಅಂದರೆ ಓದುವುದು. ಪರ್-'ಕೇ-ರನ್ ಅಂದರೆ ಗಾಡಿ ನಿಲ್ಲಿಸುವುದು. ಒತ್ತು ಯಾವಾಗಲೂ ಆ 'ಏ' ಮೇಲೆ. ಓದುವ ಕೋಣೆ ಸ್ಟ್ಯು-'ಡೇರ್-ಕಾ-ಮರ್.

ಇನ್ನೊಂದು ಸೂಕ್ಷ್ಮ ಇದೆ. ನನಗೆ ಡಚ್ ಭಾಷೆಯಲ್ಲಿ ತುಂಬ ಇಷ್ಟವಾದ ವಿಷಯ ಇದು. ಎರವಲು ಪದಕ್ಕೆ ಇನ್ನೊಂದು ಪದ ಸೇರಿದರೆ ಒತ್ತು ಅಲುಗುವುದಿಲ್ಲ. ಆದರೆ ಪ್ರತ್ಯಯ ಸೇರಿದರೆ ಅಲುಗಬಹುದು. ಮ್ಯು-'ಜ಼ೀಕ್‌ಗೆ ಶಾಲೆ ಸೇರಿದರೆ ಮ್ಯು-'ಜ಼ೀಕ್-ಸ್ಖೋಲ್. ಒತ್ತು ಇದ್ದಲ್ಲೇ ಇದೆ. ಸಂಗೀತಗಾರ ಎನ್ನಲು ಪ್ರತ್ಯಯ ಸೇರಿಸಿದರೆ ಮ್ಯು-ಜ಼ಿ-'ಕಂಟ್. ಒತ್ತು ಬಾಲಕ್ಕೆ ಓಡಿತು. ಮೋಟಾರಿನದೂ ಹಾಗೇ. ಒಂದಾದರೆ 'ಮೋ-ಟೊರ್. ಬಹುವಚನ ಮೊ-'ಟೋ-ರನ್. ಹಾಗಾಗಿ ಮೋಟಾರ್ ಬೈಕು 'ಮೋ-ಟೊರ್-ಫೀಟ್ಸ್, ಆದರೆ ಎಂಜಿನ್ ಕಾರ್ಖಾನೆ ಮೊ-'ಟೋ-ರನ್-ಫಾ-ಬ್ರೀಕ್. ಪ್ರತ್ಯಯ ಮನೆಯೊಳಗೆ ಬಂದು ಸೇರಿಕೊಳ್ಳುತ್ತದೆ. ಇನ್ನೊಂದು ಪದ ಬಂದರೆ ನಡುವೆ ಒಂದು ಗೋಡೆ ಉಳಿಯುತ್ತದೆ.

ಈ ಗೋಡೆಯೇ ನಿಮ್ಮ 'ಟಂಡಾರ್ಟ್ಸ್' ತಪ್ಪಿಗೂ ಕಾರಣ. ಹಲ್ಲು ಅಂದರೆ 'ಟಂಡ್' ಎಂದು ಬರೆಯುತ್ತಾರೆ. ಡಾಕ್ಟರು 'ಅರ್ಟ್ಸ್'. ಈ 'ಅರ್ಟ್ಸ್' ಗ್ರೀಕ್ ಮೂಲದ್ದು. ಎಷ್ಟೋ ಕಾಲದ ಹಿಂದೆ ಬಂದು ಈಗ ಮನೆಮಗನಾಗಿಬಿಟ್ಟಿದೆ. ಕನ್ನಡ ಬಾಯಿಗೆ ವ್ಯಂಜನದ ಮುಂದೆ ಸ್ವರ ಸಿಕ್ಕಿದರೆ ಸಾಕು, ಎರಡನ್ನೂ ಕೂಡಿಸಿ ಒಂದು ಕಾಗುಣಿತ ಮಾಡಿಬಿಡುತ್ತದೆ. ನಮ್ಮ ಲಿಪಿ ಹಾಗಿದೆ, ನಮ್ಮ ಸಂಧಿಯೂ ಹಾಗಿದೆ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಕೂಡುವ ಜಾಗದಲ್ಲಿ ಕರಗಿ ಒಂದಾಗುವುದೇ ನಮ್ಮ ಪದ್ಧತಿ. ಗಡಸು ಉಲಿ ಮೆತ್ತಗಾಗುತ್ತದೆ.

ಡಚ್ಚರು ಇದಕ್ಕೆ ಉಲ್ಟಾ. ಪದ ಮುಗಿಯುವಾಗ ಅವರ 'ಡ' ಗಡಸಾಗಿ 'ಟ' ಆಗುತ್ತದೆ. ಜೋಡುಪದದ ಒಳಗೂ ಮೊದಲ ಪದ ಮುಗಿಯಿತು ಎಂದೇ ಅವರ ಬಾಯಿ ತಿಳಿಯುತ್ತದೆ. ಹಾಗಾಗಿ 'ಟಂಟ್-ಅರ್ಟ್ಸ್. 'ಟ' ಎಡಗಡೆಯೇ ನಿಲ್ಲುತ್ತದೆ, ಆಚೆಯ ಸ್ವರದ ಜತೆ ಹೋಗುವುದಿಲ್ಲ. ಅದೇ 'ಟಂಡ್'ಗೆ ಬಹುವಚನದ ಪ್ರತ್ಯಯ ಸೇರಿದರೆ 'ಟನ್-ಡನ್. ಅಲ್ಲಿ ಗೋಡೆ ಇಲ್ಲ. 'ಡ' ಮೆತ್ತಗೇ ಉಳಿದು ಮುಂದಿನ ತುಣುಕಿಗೆ ಹೋಗುತ್ತದೆ. ನೀವಿರುವ ಊರಿನ ಹೆಸರನ್ನೇ ಗಮನವಿಟ್ಟು ಕೇಳಿ. ಬರೆಯುವುದು 'ಡ', ಅಲ್ಲಿಯವರು ಹೇಳುವುದು 'ಐಂಟ್-ಹೋ-ವನ್.

ಕನ್ನಡದಲ್ಲಿ ಬಳಕೆಯಲ್ಲಿರುವ 'ಕಕ್ಕಸು' ಕೂಡ ಡಚ್ ಜೋಡುಪದದಿಂದಲೇ ಬಂದದ್ದು. ಮೂಲದಲ್ಲಿ ಎರಡನೇ ಪದ ಮನೆ, ಅದು 'ಹ'ಕಾರದಿಂದ ಶುರುವಾಗುತ್ತದೆ. ಡಚ್ಚರು 'ಕಕ್' ಎಂದು ಒತ್ತಿ, ಅಲ್ಲೇ ಮುಚ್ಚಿ, ಆಮೇಲೆ 'ಹ' ಶುರು ಮಾಡುತ್ತಾರೆ. ನಮ್ಮ ಕಡೆ ಬಂದಾಗ ಆ ಗೋಡೆ ಬಿತ್ತು, 'ಹ' ಬಿಟ್ಟುಹೋಯಿತು, 'ಕ' ಇಮ್ಮಡಿಯಾಗಿ ಆಚೆ ದಾಟಿತು. ಎರಡು ಭಾಷೆಗಳ ಸ್ವಭಾವ ಈ ಒಂದೇ ಪದದಲ್ಲಿ ಕಾಣುತ್ತದೆ.

ಹಾಗಾಗಿ ಒಡೆಯುವ ಕ್ರಮ ಹೀಗೆ. ಮೊದಲು ಗೋಡೆ ಹುಡುಕಿ. ಆಮೇಲೆ ಪ್ರತಿ ಪದದ ಒಳಗೆ ತುಣುಕು ಮಾಡಿ. ಒಳಗೆ ತುಣುಕು ಮಾಡುವಾಗ ವ್ಯಂಜನಗಳು ಆದಷ್ಟು ಬಲಗಡೆಯ ಸ್ವರಕ್ಕೆ ಹೋಗುತ್ತವೆ. ಆದರೆ ಡಚ್ ಪದವೊಂದು ಆ ವ್ಯಂಜನಗಳಿಂದ ಶುರುವಾಗಲು ಸಾಧ್ಯವಿರಬೇಕು. ಲೈಬ್ರರಿಯ ಪದ ಬಿ-ಬ್ಲಿ-ಒ-'ಟೇಕ್. 'ಬ್ಲ' ಬಾಯಿಗೆ ಬರುತ್ತದೆ, ಆದ್ದರಿಂದ ಒಟ್ಟಿಗೆ ಬಲಕ್ಕೆ ಹೋಯಿತು. ಹೆಲಿಕಾಪ್ಟರಿನಲ್ಲಿ 'ಪ್ಟ' ಬರುವುದಿಲ್ಲ, ಆದ್ದರಿಂದ ಕೊಪ್-ಟರ್ ಎಂದು ಒಡೆಯಿತು. ಗ್ರೀಕಿನಲ್ಲಿ ಆ ಪದದ ಸಂದು ಬೇರೆ ಕಡೆ ಇದೆ. 'ಪ್ಟೆರ್' ಅಂದರೆ ರೆಕ್ಕೆ. ಡಚ್ಚರು ಆ ಹಳೆಯ ಸಂದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರೆ ಭಾಷೆಯಲ್ಲಿದ್ದ ಗೋಡೆ ಇಲ್ಲಿ ಗೋಡೆಯಲ್ಲ.

ಗೋಡೆಯ ಹತ್ತಿರ ಒಂದು 'ಸ್' ಸುಳಿದಾಡುತ್ತಿರುತ್ತದೆ. ಎರಡು ಪದ ಜೋಡಿಸುವ 'ಸ್' ಅದು. ಅದು ಯಾವಾಗಲೂ ಎಡಗಡೆಯ ಪದದ್ದು. ರೈಲು ನಿಲ್ದಾಣ ಸ್ಟಾ-'ಶೊನ್. ಅದರ ಮುಂದಿನ ಬಯಲು ಸ್ಟಾ-'ಶೊನ್ಸ್-ಪ್ಲೈನ್. 'ಸ್ಪ್ಲೈನ್' ಎಂದು ಆಚೆ ತಳ್ಳಬೇಡಿ. ವಿಶ್ವವಿದ್ಯಾಲಯದ ಲೈಬ್ರರಿ ಅಂದರೆ ಯು-ನಿ-ವೆರ್-ಸಿ-'ಟೈಟ್ಸ್-ಬಿ-ಬ್ಲಿ-ಒ-ಟೇಕ್. ಒಂಬತ್ತು ತುಣುಕು. ದೊಡ್ಡ ಒತ್ತು ಐದನೆಯದರ ಮೇಲೆ, 'ಟೇಕ್' ಮೇಲೆ ಸಣ್ಣದು. ಈ ಎರಡು ಮೆಟ್ಟಿಲು ಸರಿಯಾಗಿ ಹತ್ತಿದರೆ ಉಳಿದ ಏಳನ್ನು ಬೇಗ ಬೇಗ ಹೇಳಿಬಿಡಬಹುದು. ಕನ್ನಡಿಗರು ಎಲ್ಲ ತುಣುಕಿಗೂ ಸಮ ಮರ್ಯಾದೆ ಕೊಡುತ್ತಾರೆ. ಡಚ್ಚರಿಗೆ ಅದೇ ಕಷ್ಟ. ಎಲ್ಲ ಅಕ್ಷರ ಸರಿ ಇದ್ದರೂ ಪದ ಗುರುತು ಸಿಗುವುದಿಲ್ಲ.

ಗೋಡೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಡಚ್ಚರೇ ಕೊಡುವ ಒಂದು ಉದಾಹರಣೆ ಇದೆ. ಮಸಾಜ್ ಎಂಬ ಫ್ರೆಂಚ್ ಎರವಲು ಅವರಿಗೆ ಮ-'ಸಾ-ಝೆ. ಅದಕ್ಕೆ ಮಂಚ ಎಂಬ 'ಬೆಟ್' ಸೇರಿದರೆ ಮಸಾಜ್ ಮಾಡುವ ಮಂಚ: ಮ-'ಸಾ-ಝೆ-ಬೆಟ್. ಈಗ ಅದೇ ಅಕ್ಷರಗಳನ್ನು ಒಂದನ್ನೂ ಬದಲಿಸದೆ ಬೇರೆ ಕಡೆ ಒಡೆಯಿರಿ. 'ಮ-ಸಾ ಅಂದರೆ ಜನಸಮೂಹ, ಅದೂ ಎರವಲೇ. 'ಖೆಬೆಟ್' ಅಂದರೆ ಪ್ರಾರ್ಥನೆ. ಸೇರಿ 'ಮ-ಸಾ-ಖೆ-ಬೆಟ್, ಸಾಮೂಹಿಕ ಪ್ರಾರ್ಥನೆ! ಕಾಗದದ ಮೇಲೆ ಎರಡೂ ಒಂದೇ. ಬಾಯಲ್ಲಿ ಒತ್ತು ಬೇರೆ, 'ಜಿ' ಅಕ್ಷರದ ಉಲಿಯೂ ಬೇರೆ. ಒಂದರಲ್ಲಿ ಫ್ರೆಂಚ್ 'ಝ', ಇನ್ನೊಂದರಲ್ಲಿ ಡಚ್ಚರ ಗಂಟಲಿನ 'ಖ'. ಗೋಡೆ ಎಲ್ಲಿದೆ ಎಂದು ತೀರ್ಮಾನವಾಗದೆ ಒತ್ತು ಎಲ್ಲಿ, ಉಲಿ ಯಾವುದು ಎಂದು ಹೇಳಲು ಬರುವುದೇ ಇಲ್ಲ. ಇಂಥ ಕಡೆ ಅರ್ಥ ಸ್ಪಷ್ಟವಾಗಲಿ ಎಂದು ನಡುವೆ ಅಡ್ಡಗೆರೆ ಹಾಕಲು ಅವರ ಬರಹದ ನಿಯಮ ಒಪ್ಪುತ್ತದೆ.

ಈ ಉದಾಹರಣೆಯಲ್ಲಿ ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆಯೂ ಇದೆ. ಆ ಪದದಲ್ಲಿ 'ಎಸ್' ಎರಡು ಸಲ ಬರೆಯುತ್ತಾರೆ. ಸಾಲಿನ ಕೊನೆಯಲ್ಲಿ ಒಡೆಯುವಾಗ ಒಂದನ್ನು ಆ ಕಡೆ, ಒಂದನ್ನು ಈ ಕಡೆ ಹಂಚುತ್ತಾರೆ. ನಾವು ತಕ್ಷಣ 'ಮಸ್ಸಾ' ಎಂದು ದ್ವಿತ್ವ ಮಾಡುತ್ತೇವೆ. ಡಚ್ಚಿನಲ್ಲಿ ದ್ವಿತ್ವ ಇಲ್ಲ. ಎರಡು ಸಲ ಬರೆದದ್ದು ಹಿಂದಿನ ಸ್ವರ ಚಿಕ್ಕದು ಎಂದು ತೋರಿಸಲು ಮಾತ್ರ. ಕಾರ್ಯಕ್ರಮ ಎಂಬ ಪದವನ್ನೂ 'ಪ್ರೊಗ್ರಮ್ಮ' ಎನ್ನಬೇಡಿ. ಪ್ರೊ-'ಖ್ರ-ಮಾ ಅನ್ನಿ. ಗೋಡೆಯ ಎರಡೂ ಕಡೆ ಒಂದೇ ವ್ಯಂಜನ ಬಂದರೂ ಸಾಮಾನ್ಯ ಮಾತಿನಲ್ಲಿ ಒಂದೇ ಕೇಳುತ್ತದೆ.

ಬಾಯಿಯ ತುಣುಕು ಬೇರೆ, ಸಾಲಿನ ಕೊನೆಯಲ್ಲಿ ಒಡೆಯುವುದು ಬೇರೆ ಎನ್ನುವುದೂ ನೆನಪಿರಲಿ. ಬಾಯಲ್ಲಿ ಆ-'ಖೆನ್-ಡಾ ಮೂರು ತುಣುಕು. ಕಾಗದದಲ್ಲಿ ಒಂಟಿ ಅಕ್ಷರವನ್ನು ಸಾಲಿನ ತುದಿಯಲ್ಲಿ ಬಿಡುವಂತಿಲ್ಲ. ಹಾಗಾಗಿ 'ಡಾ' ಮುಂಚೆ ಒಂದೇ ಕಡೆ ಒಡೆಯಬಹುದು. ಎರಡು ಸ್ವರ ಎದುರುಬದುರಾಗಿ ಓದಲು ತೊಡಕಾಗುವಾಗ ಅವರ ಬಳಿ ಎರಡು ಗುರುತು ಇವೆ. ಗೋಡೆ ಇದ್ದರೆ ಅಡ್ಡಗೆರೆ. ಕಾರು ಅಪಘಾತಕ್ಕೆ 'ಔಟೊ-ಒನ್‌ಖೆಲುಕ್' ಎಂದು ನಡುವೆ ಗೆರೆ ಎಳೆದು ಬರೆಯುತ್ತಾರೆ. ಗೋಡೆ ಇಲ್ಲದ ಒಂದೇ ಪದವಾದರೆ ಎರಡನೇ ಸ್ವರದ ತಲೆಯ ಮೇಲೆ ಎರಡು ಚುಕ್ಕಿ. ಹಳೆಯ ಗೆಳೆಯರು ಸೇರುವ 'ರೇ-ಯು-'ನೀ' ಪದದಲ್ಲಿ ಅದನ್ನು ನೋಡಬಹುದು. ಆ ಜಾಗದಲ್ಲೇ ಸಾಲು ಒಡೆದರೆ ಚುಕ್ಕಿ ಬೇಕಾಗಿಲ್ಲ, ಬಿಟ್ಟುಬಿಡುತ್ತಾರೆ. ಜೋಡುಪದಕ್ಕೆ ಅಡ್ಡಗೆರೆ ಎಂಬ ಈ ಪದ್ಧತಿ 1995ರ ಕಾಗುಣಿತ ಬದಲಾವಣೆಯಲ್ಲಿ ಗಟ್ಟಿಯಾಯಿತು. ಪ್ರತಿ ಪದ ಎಲ್ಲಿ ಒಡೆಯುತ್ತದೆ ಎಂದು 'ಹಸಿರು ಪುಸ್ತಕ' ಎಂದೇ ಹೆಸರಾದ ಅಧಿಕೃತ ಪದಪಟ್ಟಿ ತೋರಿಸುತ್ತದೆ. ಅದು 1954ರಲ್ಲಿ ಮೊದಲು ಬಂತು. ಈಗ ಇಂಟರ್ನೆಟ್ಟಿನಲ್ಲೂ ಬಿಟ್ಟಿಯಾಗಿ ಸಿಗುತ್ತದೆ.

ನಮ್ಮ ಹಳೆಯ ವ್ಯಾಕರಣಕಾರರು ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದರೆ ಅರಿಸಮಾಸ ಎಂದು ಕರೆದು, ಕೆಲವನ್ನು ಬಿಟ್ಟು ಉಳಿದದ್ದನ್ನು ಬೇಡ ಅಂದರು. ಡಚ್ಚರಿಗೆ ಇಂಥ ಮಡಿ ಇಲ್ಲ. ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಯಾವುದಕ್ಕೆ ಬೇಕಾದರೂ ತಮ್ಮ ಪದ ಅಂಟಿಸುತ್ತಾರೆ. ಕಂಪ್ಯೂಟರ್ ಪರದೆ ಕೊಮ್-'ಪ್ಯೂ-ಟರ್-ಸ್ಖೆರ್ಮ್, ಲ್ಯಾಪ್‌ಟಾಪ್ ಚೀಲ 'ಲೆಪ್-ಟೊಪ್-ಟಸ್. ಇಂಗ್ಲಿಷಿನವಕ್ಕೆ ಇಂಗ್ಲಿಷಿನಲ್ಲಿ ಎಲ್ಲಿ ಒತ್ತು ಇತ್ತೋ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಮೊದಲ ಪದಕ್ಕೆ ಒತ್ತು ಎಂಬ ಮಾತನ್ನೇ ಮುರಿಯುವ ಕೆಲವೂ ಇವೆ. ಪುರಭವನ ಸ್ಟಟ್-'ಹೌಸ್. ಮೇಯರ್ ಬುರ್-ಖೆ-'ಮೇಸ್-ಟರ್. ಅಣೆಕಟ್ಟಿನ ಹೆಸರಿರುವ ಊರುಗಳಲ್ಲಿ ಆಮ್-ಸ್ಟರ್-'ಡಾಮ್, ರೊ-ಟರ್-'ಡಾಮ್. ಹಾಗೇ ಕಲಿತುಬಿಡಿ.

ಇನ್ನು ನಿಮ್ಮ ಕಾಗದಕ್ಕೆ ಬರೋಣ. ಪರವಾನಗಿ ಎನ್ನುವುದು ವೆರ್-'ಖು-ನಿಂಗ್. ಬರೆಯುವಾಗ 'ಎನ್' ಎರಡು, ಹೇಳುವಾಗ ಒಂದೇ. ಎಡಗಡೆ ಇರುವುದು ಮೇಲೆ ಹೇಳಿದ ಪರ್-'ಕೇ-ರನ್ ಕ್ರಿಯಾಪದದ ಬುಡ, ಪರ್-'ಕೇರ್. ಗೋಡೆ ಆ 'ರ್' ಆದ ಮೇಲೆ. ಅಂದರೆ ಪರ್-'ಕೇರ್-ವೆರ್-ಖು-ನಿಂಗ್. ಮೊದಲು ಬೆರಳಿಂದ ಮೇಜು ತಟ್ಟುತ್ತಾ 'ಕೇರ್' ಒಂದನ್ನೇ ಜೋರಾಗಿ ಹೇಳಿ. ಆಮೇಲೆ ಹಿಂದೊಂದು 'ಪರ್' ಹಗುರವಾಗಿ ಸೇರಿಸಿ. ಕೊನೆಗೆ 'ವೆರ್-ಖು-ನಿಂಗ್' ಅನ್ನು 'ಖು' ಮೇಲೆ ಸಣ್ಣ ಒತ್ತಿಟ್ಟು ಜೋಡಿಸಿ. ನಾಮಪದಕ್ಕೆ ಮೊದಲು, ಇಂಗ್ಲಿಷಿನ 'ದಿ' ಥರ, 'ಡೆ' ಬರುತ್ತದೋ 'ಹೆಟ್' ಬರುತ್ತದೋ ಎಂದು ತೀರ್ಮಾನಿಸುವುದು ಮಾತ್ರ ಬಲಗಡೆಯ ಪದ. ವೆರ್‌ಖುನ್ನಿಂಗ್ 'ಡೆ' ಪದ, ಆದ್ದರಿಂದ ಇಡೀ ಪದಕ್ಕೂ 'ಡೆ'.